ಹಿಂದೆ ಬ್ಲರ್ ಆಗೋದು ಸೆನ್ಸಾರಿಂದಲ್ಲ ಸಾರ್, ಕಿಂಡಿಯಿಂದ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹೊಸದಾಗಿ ಕ್ಯಾಮೆರಾ ತಗೊಳ್ಳೋರಿಗೆ ಅಂತ ಒಂದು ಲೇಖನ ಹಾಕಿದ್ರಿ. ಲೇಖನ ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಪಕ್ಕದಲ್ಲಿ ಒಂದು ಹಳದಿ ಬಾಕ್ಸ್ ಮಾಡಿ ದಪ್ಪ ಅಕ್ಷರದಲ್ಲಿ 'ಸೆನ್ಸಾರ್ ದೊಡ್ಡದಾದಷ್ಟೂ ಕ್ಷೇತ್ರದ ಆಳ ಕಡಿಮೆ, ಹಿನ್ನೆಲೆ ಹೆಚ್ಚು ಮಸುಕು' ಅಂತ ಹಾಕಿದ್ರಲ್ಲ (ಸೆನ್ಸಾರ್ ಅಂದ್ರೆ ಕ್ಯಾಮೆರಾ ಒಳಗೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯೋ ಚಿಪ್), ಅದ್ರಿಂದ ನಮ್ಮನೇಲಿ ಎರಡು ಅನಾಹುತ ಆಯ್ತು. ಒಂದು ಸಣ್ಣದು. ಕ್ಷೇತ್ರದ ಆಳ ಅಂತ ಓದಿ ನಮ್ಮನೆಯವ್ಳು ಇದ್ಯಾವ್ದೋ ಎಲೆಕ್ಷನ್ ಸುದ್ದಿ ಅಂದ್ಕೊಂಡು ಪೇಜ್ ತಿರುಗ್ಸಿದ್ಲು. ಡೆಪ್ತ್ ಅಂತಲೇ ಬರೀರಿ ಸಾರ್, ಫೋಟೋ ತೆಗೆಯೋ ಯಾರೂ ಕ್ಷೇತ್ರದ ಆಳ ಅನ್ನಲ್ಲ. ಮುಂದಿಂದ ಹಿಂದಕ್ಕೆ ಎಷ್ಟು ದೂರ ಫೋಟೋ ಕ್ಲಿಯರಾಗಿರತ್ತೋ ಅದೇ ಡೆಪ್ತ್. ಎರಡನೇದು ದೊಡ್ಡದು. ನಮ್ಮಣ್ಣನ ಮಗ ಆ ಬಾಕ್ಸನ್ನ ಮೊಬೈಲಲ್ಲಿ ಫೋಟೋ ಹೊಡ್ಕೊಂಡು ನನಗೇ ವಾಟ್ಸಾಪ್ ಮಾಡಿ, 'ನೋಡಿ ಚಿಕ್ಕಪ್ಪ, ಪೇಪರಲ್ಲೇ ಬಂದಿದೆ, ನಾನು ಹೇಳಿದ್ರೆ ಕೇಳಲ್ಲ ನೀವು' ಅಂದ. ಅವನತ್ರ ಒಂದು ಕ್ರಾಪ್ ಬಾಡಿ, ಅಂದ್ರೆ ಸಣ್ಣ ಸೆನ್ಸಾರಿನ ಕ್ಯಾಮೆರಾ ಇದೆ, ಎರಡು ಲೆನ್ಸ್ ಇದೆ, ಅದನ್ನೆಲ್ಲ ಮಾರಿ ಮೇಲೆ ಇನ್ನೊಂದಷ್ಟು ಸಾಲ ಮಾಡಿ ದೊಡ್ಡ ಸೆನ್ಸಾರಿನ ಫುಲ್ ಫ್ರೇಮ್ ಕ್ಯಾಮೆರಾ ತಗೋಬೇಕು ಅಂತ ಆರು ತಿಂಗ್ಳಿಂದ ಕುಣೀತಿದ್ದಾನೆ, ಯಾಕಪ್ಪಾ ಅಂದ್ರೆ ಹಿಂದೆ ಬ್ಲರ್ ಬರ್ಬೇಕಂತೆ.

ನಾನು ತಿಪಟೂರಲ್ಲಿ ಸ್ಟುಡಿಯೋ ಇಟ್ಕೊಂಡಿರೋನು. ಅಪ್ಪನ ಕಾಲದ್ದು. ಅಪ್ಪ ಯಾಶಿಕಾ ಮ್ಯಾಟ್ 124ಜಿಲಿ ಮದುವೆ ತೆಗೀತಿದ್ರು, ಸೊಂಟದ ಹತ್ರ ಹಿಡ್ಕೊಂಡು ಬಗ್ಗಿ ನೋಡೋ ಕ್ಯಾಮೆರಾ, ಒಂದು ರೋಲಿಗೆ 12 ಫೋಟೋ, ಹಾಗಾಗಿ ಒಂದೊಂದ್ಸಲ ಬಟನ್ ಒತ್ತೋ ಮುಂಚೆನೂ ಕೈ ಬೆರಳಲ್ಲಿ ಲೆಕ್ಕ. ನಾನು ಓದಿದ್ದು ಪಿಯುಸಿ, ಆಪ್ಟಿಕ್ಸ್ ಎಲ್ಲ ಕಾಲೇಜಲ್ಲಿ ಕಲ್ತಿದ್ದಲ್ಲ, ಫೋಟೋ ಕೆಡಿಸಿ ಕೆಡಿಸಿ ಬೈಸ್ಕೊಂಡು ಕಲ್ತಿದ್ದು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಜಾಗ ಇಲ್ದಿದ್ರೆ ಎಲ್ಲಿ ಬೇಕಾದ್ರೂ ಕತ್ರಿ ಹಾಕ್ಕೊಳಿ.

ಕತ್ರಿ ಅಂದ್ನಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ. ಮನೇಲಿರೋ ಯಾವ್ದಾದ್ರೂ ಹಳೇ ಫೋಟೋ ತಗೊಳಿ, ಮುಂದೆ ಮಗು ನಿಂತಿದೆ, ಹಿಂದೆ ತೆಂಗಿನ ತೋಟ ಮಸುಕಾಗಿದೆ ಅನ್ಕೊಳಿ. ಅದ್ರ ಸುತ್ತಲೂ ಕತ್ತರಿಸಿ ಹಾಕಿ ಮಧ್ಯದ ತುಂಡು ಮಾತ್ರ ಇಟ್ಕೊಳಿ. ಹಿಂದಿನ ತೋಟದ ಮಸುಕು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ? ಎರಡೂ ಇಲ್ಲ, ಇದ್ದಂಗೇ ಇದೆ. ಸಣ್ಣ ಸೆನ್ಸಾರ್ ಮಾಡೋದು ಇಷ್ಟೇ ಕೆಲ್ಸ. ಲೆನ್ಸ್ ಒಳಗಡೆ ಒಂದು ಚಿತ್ರ ಬೀಳಿಸ್ತಾ ಇರತ್ತೆ, ಫುಲ್ ಫ್ರೇಮ್ ಅದ್ರಲ್ಲಿ 36 ಎಂಎಂ ಅಗಲ 24 ಎಂಎಂ ಎತ್ತರದಷ್ಟು ಹಿಡ್ಕೊಳತ್ತೆ, ಕ್ರಾಪ್ ಬಾಡಿ ಹತ್ತತ್ರ 23.5 ಇಂಟು 15.6 ಹಿಡ್ಕೊಳತ್ತೆ, ಮಿಕ್ಕಿದ್ದು ಹೊರಗೆ ಚೆಲ್ಲಿ ಹೋಗತ್ತೆ. ಲೆನ್ಸಿಗೆ ಹಿಂದೆ ಕೂತಿರೋ ಸೆನ್ಸಾರ್ ಎಷ್ಟು ದೊಡ್ಡದು ಅಂತ ಗೊತ್ತೇ ಇಲ್ಲ ಸಾರ್. ಛತ್ರದಲ್ಲಿ ಬಡ್ಸೋರು ಒಂದೇ ಸೌಟಲ್ಲಿ ಬಡಿಸ್ಕೊಂಡು ಹೋಗ್ತಾರೆ, ಎಲೆ ದೊಡ್ಡದಾ ಸಣ್ಣದಾ ಅಂತ ನೋಡ್ತಾರಾ.

ಆದ್ರೆ ಇಲ್ಲೊಂದು ತಿರುವು ಇದೆ, ಇದನ್ನ ಸರಿಯಾಗಿ ಹಿಡೀದಿದ್ರೆ ಮುಂದಿನದು ತಲೆಗೆ ಹೋಗಲ್ಲ. ಆ ಕತ್ತರಿಸಿದ ತುಂಡನ್ನ ಹಂಗೇ ಇಟ್ಕೊಂಡ್ರೆ ಸರಿ, ಮೊದ್ಲಿನ ಫೋಟೋ ಸೈಜಿಗೇ ಎನ್‌ಲಾರ್ಜ್ ಮಾಡಿಸಿದ್ರೆ ಏನಾಗತ್ತೆ? ಮಗುವಿನ ಮುಖನೂ ದೊಡ್ಡದಾಗತ್ತೆ, ಅದ್ರ ಜೊತೆಗೆ ಮಸುಕೂ ದೊಡ್ಡದಾಗತ್ತೆ. ಮೊದ್ಲು ಕ್ಲಿಯರಾಗಿ ಕಾಣ್ತಿದ್ದ ಕಿವಿ ಈಗ ಸ್ವಲ್ಪ ಮೆತ್ತಗೆ ಕಾಣತ್ತೆ. ಅಂದ್ರೆ ಅದೇ ಲೆನ್ಸು, ಅದೇ ಜಾಗ, ಅದೇ ಅಪರ್ಚರ್ (ಲೆನ್ಸಲ್ಲಿ ಬೆಳಕು ಒಳಗೆ ಬರೋ ಕಿಂಡಿ) ಇಟ್ಕೊಂಡು ಸೆನ್ಸಾರ್ ಮಾತ್ರ ಸಣ್ಣದು ಮಾಡಿ ಅದೇ ಸೈಜಿನ ಪ್ರಿಂಟ್ ಹಾಕ್ಸಿದ್ರೆ ಡೆಪ್ತ್ ಕಮ್ಮಿ ಆಗತ್ತೆ! ನಿಮ್ಮ ಬಾಕ್ಸಲ್ಲಿ ಇರೋದಕ್ಕೆ ಪೂರ್ತಿ ಉಲ್ಟಾ. ನಮ್ಮ ಹುಡುಗ ಇದನ್ನ ಕೇಳಿ 'ಸುಮ್ನಿರಿ ಚಿಕ್ಕಪ್ಪ' ಅಂದ. ಲೆಕ್ಕ ತೋರಿಸ್ದೆ. 50 ಎಂಎಂ ಲೆನ್ಸ್ (ಈ ಎಂಎಂ ಅಂದ್ರೆ ಫೋಕಲ್ ಲೆಂತ್, ಅದು ಜಾಸ್ತಿ ಆದಷ್ಟೂ ದೂರದ್ದು ಹತ್ರ ಕಾಣತ್ತೆ), ಎಫ್ 2 (ಇದು ಕಿಂಡಿಯ ಲೆಕ್ಕ, ಮುಂದೆ ಹೇಳ್ತೀನಿ), ಆಳು 2 ಮೀಟರ್ ದೂರದಲ್ಲಿ. ಫುಲ್ ಫ್ರೇಮಲ್ಲಿ ಕ್ಲಿಯರಾಗಿ ಸಿಗೋದು ಸುಮಾರು 19 ಸೆಂಟಿಮೀಟರ್. ಅಲ್ಲೇ ನಿಂತು ಅದೇ ಲೆನ್ಸನ್ನ ಕ್ರಾಪ್ ಬಾಡಿಗೆ ಹಾಕಿದ್ರೆ ಸುಮಾರು 13 ಸೆಂಟಿಮೀಟರ್.

ಹಂಗಾದ್ರೆ ದೊಡ್ಡ ಕ್ಯಾಮೆರಾದಲ್ಲಿ ಬ್ಲರ್ ಜಾಸ್ತಿ ಬರೋದನ್ನ ಎಲ್ಲರೂ ಕಣ್ಣಾರೆ ನೋಡಿದೀವಲ್ಲ, ಅದು ಸುಳ್ಳಾ ಅಂತ ಕೇಳ್ತೀರ. ಸುಳ್ಳಲ್ಲ. ಕಾರಣ ಬೇರೆ. ಕ್ರಾಪ್ ಬಾಡಿಲಿ ಅದೇ ಜಾಗದಿಂದ ತೆಗೆದ್ರೆ ಸೊಂಟದ ಮಟ್ಟದ ಫೋಟೋ ಹೋಗಿ ಎದೆ ಮಟ್ಟದ್ದು ಬರತ್ತೆ. ಯಾರು ತಾನೆ ಹಂಗೆ ಬಿಡ್ತಾರೆ, ಸೊಂಟದ ಮಟ್ಟ ಬೇಕು ಅಂದ್ರೆ ಹಿಂದಕ್ಕೆ ಸರೀತೀವಿ, 2 ಮೀಟರ್ ಇದ್ದದ್ದು 3 ಮೀಟರ್ ಆಗತ್ತೆ, ದೂರ ಹೋದಂಗೆ ಡೆಪ್ತ್ ಓಡಿ ಓಡಿ ಬೆಳೆಯತ್ತೆ, 13 ಇದ್ದದ್ದು 29 ಸೆಂಟಿಮೀಟರ್ ಆಗತ್ತೆ. ಹಿಂದಕ್ಕೆ ಸರಿಯೋಕೆ ಜಾಗ ಇಲ್ಲ, ಹಿಂದೆ ಗೋಡೆ ಇದೆ ಅಂದ್ರೆ 50ರ ಬದ್ಲು 35 ಎಂಎಂ ಲೆನ್ಸ್ ಹಾಕ್ತೀವಿ, ಆಗ್ಲೂ ಡೆಪ್ತ್ ಬೆಳೆಯತ್ತೆ. ಬ್ಲರ್ ಕಮ್ಮಿ ಮಾಡಿದ್ದು ನಮ್ಮ ಕಾಲು, ಇಲ್ಲಾ ನಾವು ಹಾಕಿದ ಸಣ್ಣ ಲೆನ್ಸು. ಸೆನ್ಸಾರ್ ನಮ್ಮನ್ನ ಹಂಗೆ ಮಾಡೋಕೆ ತಳ್ತು ಅಷ್ಟೇ, ಅದು ಸಾಕ್ಷಿ, ಮೊದಲ್ನೇ ಆರೋಪಿ ಅಲ್ಲ.

ಆರೋಪಿ ಯಾರು ಅಂತ ಹೇಳ್ತೀನಿ. ನಮ್ಮ ತಾತ ಕನ್ನಡಕ ಎಲ್ಲೋ ಇಟ್ಟು ಮರೆತಾಗ ಪಂಚಾಂಗ ಓದೋಕೆ ಒಂದು ಉಪಾಯ ಮಾಡ್ತಿದ್ರು. ತೋರುಬೆರಳನ್ನ ಮಡಚಿ ಮಡಚಿ ಮಧ್ಯ ಒಂದು ಸಾಸಿವೆ ಕಾಳಷ್ಟು ಸಂದು ಮಾಡಿ, ಅದನ್ನ ಕಣ್ಣಿಗೆ ಹಿಡ್ಕೊಂಡು ಬಿಸಿಲಿಗೆ ಹೋಗಿ ರಾಹುಕಾಲ ನೋಡ್ತಿದ್ರು. ಬೇಕಾದ್ರೆ ಕನ್ನಡಕ ಹಾಕೋರು ಈಗ್ಲೇ ತೆಗೆದು ಮಾಡಿ ನೋಡಿ, ಅಕ್ಷರ ಕಟ್ಟಾಗಿ ಕಾಣತ್ತೆ, ಬೆಳಕು ಮಾತ್ರ ಕಮ್ಮಿ ಆಗತ್ತೆ, ಅದಕ್ಕೇ ಬಿಸಿಲು ಬೇಕು. ಬೆಳಕು ಒಳಗೆ ಬರೋ ಕಿಂಡಿ ಸಣ್ಣದಾದಷ್ಟೂ ಮುಂದಿಂದು ಹಿಂದಿಂದು ಎಲ್ಲಾ ಕ್ಲಿಯರ್. ಕಿಂಡಿ ದೊಡ್ಡದಾದಷ್ಟೂ ನಾವು ಫೋಕಸ್ ಮಾಡಿದ್ದು ಮಾತ್ರ ಕ್ಲಿಯರ್, ಮಿಕ್ಕಿದ್ದೆಲ್ಲ ಹರಡ್ಕೊಳತ್ತೆ. ಉಡುಪಿಯ ಕನಕನ ಕಿಂಡಿ ಎಷ್ಟಿದೆಯೋ ಅಷ್ಟೇ ಅಲ್ವಾ ಕಾಣೋದು, ಕಿಂಡಿಯ ಲೆಕ್ಕ ನಮ್ಮೋರಿಗೆ ಹೊಸದೇನಲ್ಲ.

ಈಗ ಎಫ್ ನಂಬರ್ ವಿಷ್ಯ. ಎಷ್ಟೋ ಜನ ಹತ್ತು ವರ್ಷದಿಂದ ಕ್ಯಾಮೆರಾ ಹಿಡಿದೋರೂ ಎಫ್ 2 ಅಂದ್ರೆ ಅದೊಂದು ಅಳತೆ ಅಂದ್ಕೊಂಡಿದಾರೆ. ಅದು ಅಳತೆ ಅಲ್ಲ, ಭಾಗಾಕಾರ. ಲೆನ್ಸಿನ ಎಂಎಂ ಅನ್ನ ಕಿಂಡಿಯ ಅಗಲದಿಂದ ಭಾಗಿಸಿದ್ರೆ ಬರೋ ಉತ್ತರ. 50 ಎಂಎಂ ಎಫ್ 2 ಅಂದ್ರೆ ಕಿಂಡಿ 25 ಎಂಎಂ, ಹತ್ತತ್ರ ಒಂದು ಐದು ರೂಪಾಯಿ ಕಾಯಿನ್ನಷ್ಟು. 25 ಎಂಎಂ ಎಫ್ 2 ಅಂದ್ರೆ 12 ಚಿಲ್ಲರೆ ಎಂಎಂ, ಒಂದು ಶರ್ಟಿನ ಗುಂಡಿ. ಎರಡಕ್ಕೂ ಹೆಸ್ರು ಎಫ್ 2 ಅಂತಲೇ. ಮೈಕ್ರೋ ಫೋರ್ ಥರ್ಡ್ಸ್ ಅಂತ ಬರತ್ತಲ್ಲ, 17.3 ಇಂಟು 13 ಎಂಎಂ ಸೆನ್ಸಾರು, ಅದ್ರಲ್ಲಿ 25 ಎಂಎಂ ಲೆನ್ಸ್ ಹಾಕಿದ್ರೆ ಫುಲ್ ಫ್ರೇಮಿನ 50 ಎಂಎಂ ಎಷ್ಟು ಅಗಲ ನೋಡತ್ತೋ ಅಷ್ಟೇ ನೋಡತ್ತೆ. ಅದೇ 2 ಮೀಟರಲ್ಲಿ ಆಳು ನಿಲ್ಸಿ ಎಫ್ 2ರಲ್ಲಿ ತೆಗೆದ್ರೆ ಡೆಪ್ತ್ 39 ಸೆಂಟಿಮೀಟರ್ ಬರತ್ತೆ, ಫುಲ್ ಫ್ರೇಮಿಗಿಂತ ಡಬ್ಬಲ್. ಈಗ ಫುಲ್ ಫ್ರೇಮಲ್ಲಿ ಎಫ್ 4ಕ್ಕೆ ಇಳ್ಸಿ, 50 ಭಾಗಿಸು 4, ಕಿಂಡಿ ಅದೇ ಶರ್ಟಿನ ಗುಂಡಿ ಆಯ್ತು, ಡೆಪ್ತ್ ಎಷ್ಟು ಬರತ್ತೆ? ಅದೂ ಸುಮಾರು 39 ಸೆಂಟಿಮೀಟರ್ರೇ. ಎರಡೂ ಫೋಟೋ ಪಕ್ಕ ಪಕ್ಕ ಇಟ್ರೆ ಯಾವುದು ದೊಡ್ಡ ಕ್ಯಾಮೆರಾದ್ದು ಅಂತ ನನ್ಗೂ ಹೇಳೋಕಾಗಲ್ಲ. ಒಂದೇ ಜಾಗ, ಒಂದೇ ಅಗಲದ ದೃಶ್ಯ, ಒಂದೇ ಕಿಂಡಿ, ಮುಗೀತು.

ಮೊಬೈಲಲ್ಲಿ ಎಫ್ 1.8 ಅಂತ ಬರ್ದಿರ್ತಾರೆ, ಹುಡುಗ್ರು ಅದನ್ನ ನೋಡಿ ನಮ್ಮ 50 ಎಂಎಂ ಎಫ್ 1.8 ಲೆನ್ಸಿಗೆ ಸಮ ಅಂದ್ಕೊಳ್ತಾರೆ. ಒಳ್ಳೇ ಮೊಬೈಲಿನ ಮೇನ್ ಕ್ಯಾಮೆರಾ ಲೆನ್ಸು ನಿಜಕ್ಕೂ 7 ಎಂಎಂ ಆಸುಪಾಸು ಇರತ್ತೆ, 1.8ರಿಂದ ಭಾಗಿಸಿದ್ರೆ ಕಿಂಡಿ 4 ಎಂಎಂಗೂ ಕಮ್ಮಿ, ಒಂದು ಕೊತ್ತಂಬರಿ ಬೀಜ. ಕೊತ್ತಂಬರಿ ಬೀಜದಲ್ಲಿ ಎಲ್ಲಿಂದ ಬ್ಲರ್ ತರ್ತೀರ? ಅದಕ್ಕೇ ಲೆಕ್ಕ ಹಾಕಿ ಬ್ಲರ್ ಬಳೀತಾರೆ. 2016ರಲ್ಲಿ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾ ಇಟ್ಕೊಂಡು, ನಮ್ಮ ಎರಡು ಕಣ್ಣಿನ ಥರ, ಯಾವುದು ಹತ್ರ ಯಾವುದು ದೂರ ಅಂತ ಅಳೆದು ಪೋರ್ಟ್ರೇಟ್ ಮೋಡ್ ಕೊಡ್ತು. ಮಾರನೇ ವರ್ಷ ಗೂಗಲ್ಲಿನ ಪಿಕ್ಸೆಲ್ 2 ಒಂದೇ ಕ್ಯಾಮೆರಾದಲ್ಲಿ ಅದನ್ನ ಮಾಡ್ತು, ಲೆನ್ಸಿನ ಎಡಭಾಗದಿಂದ ಬಂದ ಬೆಳಕು ಬಲಭಾಗದಿಂದ ಬಂದ ಬೆಳಕು ಬೇರೆ ಬೇರೆ ಓದಿ, ಆ ಕೂದಲೆಳೆ ವ್ಯತ್ಯಾಸದಲ್ಲೇ ದೂರ ಕಂಡುಹಿಡೀತು. ಬುದ್ಧಿವಂತಿಕೆ ಅಂದ್ರೆ ಅದು, ಕೈ ಮುಗೀಬೇಕು. ಆದ್ರೂ ನಮ್ಮ ಮದುವೆ ಮನೇಲಿ ಅದು ಸಿಕ್ಕಾಕ್ಕೊಳ್ಳೋದು ಬಾಸಿಂಗದ ಅಂಚಲ್ಲಿ ಮತ್ತೆ ಮಲ್ಲಿಗೆ ದಂಡೇಲಿ. ಅರ್ಧ ಮೊಗ್ಗು ಮುಖದ ಜೊತೆ ಇಟ್ಕೊಂಡು ಮಿಕ್ಕ ಅರ್ಧನ ಹಿಂದಿನ ಮಂಟಪಕ್ಕೆ ಸೇರಿಸಿ ಕರಗಿಸ್ಬಿಡತ್ತೆ. ಹೆಣ್ಣಿನ ಕಡೆಯವ್ರು ಕಷ್ಟಪಟ್ಟು ಕಟ್ಸಿದ ದಂಡೆ ಸಾರ್ ಅದು.

ಈ ಫುಲ್ ಫ್ರೇಮ್ ಅನ್ನೋ ಹೆಸರೇ ಒಂಥರಾ ಮೋಸ ಅನ್ಸತ್ತೆ ನನ್ಗೆ, ಅದು ಫುಲ್ ಆದ್ರೆ ಮಿಕ್ಕಿದ್ದೆಲ್ಲ ಅರೆಬರೆ ಅಂತಾಯ್ತಲ್ಲ. 24 ಇಂಟು 36 ಅನ್ನೋ ಅಳತೆ ಆಕಾಶದಿಂದ ಇಳಿದಿದ್ದಲ್ಲ, ಜರ್ಮನಿಯಲ್ಲಿ ಆಸ್ಕರ್ ಬಾರ್ನಾಕ್ ಅನ್ನೋರು ಸಿನಿಮಾ ಫಿಲ್ಮನ್ನ ಅಡ್ಡ ಓಡಿಸಿ ಎರಡು ಸಿನಿಮಾ ಫ್ರೇಮಿನ ಜಾಗದಲ್ಲಿ ಒಂದು ಫೋಟೋ ತೆಗೆಯೋ ಪುಟ್ಟ ಕ್ಯಾಮೆರಾ ಮಾಡಿದ್ರು, 1925ರಲ್ಲಿ ಲೈಕಾ ಅಂತ ಮಾರ್ಕೆಟಿಗೆ ಬಂತು, ಆಗಿನ ದೊಡ್ಡ ದೊಡ್ಡ ಪ್ಲೇಟ್ ಕ್ಯಾಮೆರಾದವ್ರ ಮುಂದೆ ಅದು ಆಟದ ಸಾಮಾನು. ನಮ್ಮಪ್ಪನ ಯಾಶಿಕಾದ ನೆಗೆಟಿವ್ 56 ಇಂಟು 56 ಎಂಎಂ, ಅದ್ರ ಮುಂದೆ ಇವತ್ತಿನ ಫುಲ್ ಫ್ರೇಮೇ ಕ್ರಾಪು! ಒಂದಿಂಚಿನ ಸೆನ್ಸಾರ್ ಅಂತ ಬರೆದಿರೋ ಕ್ಯಾಮೆರಾ ಬರತ್ತೆ, ಸ್ಕೇಲ್ ಇಟ್ಟು ನೋಡಿದ್ರೆ 13.2 ಇಂಟು 8.8 ಎಂಎಂ, ಮೂಲೆಯಿಂದ ಮೂಲೆಗೆ ಅಳೆದ್ರೂ 16 ಎಂಎಂ, ಎಲ್ಲೂ ಇಂಚಿಲ್ಲ. ಹಳೇ ಟೀವಿ ಕ್ಯಾಮೆರಾದಲ್ಲಿ ಗಾಜಿನ ಟ್ಯೂಬ್ ಇರ್ತಿತ್ತಲ್ಲ, ಆ ಟ್ಯೂಬಿನ ಹೊರಸುತ್ತಿನ ಅಗಲ ಇಂಚು, ಆ ಹೆಸ್ರನ್ನೇ ಇನ್ನೂ ಎಳ್ಕೊಂಡು ಬರ್ತಿದಾರೆ. ರೂಮ್ ಎಷ್ಟಗಲ ಅಂತ ಕೇಳಿದ್ರೆ ಕಾಂಪೌಂಡ್ ಅಳತೆ ಹೇಳಿದಂಗೆ.

ಇನ್ನೂ ಒಂದು ಮಜಾ ಕೇಳಿ. 1932ರಲ್ಲಿ ಅಮೆರಿಕದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದ ಫೋಟೋಗ್ರಾಫರು ಸೇರಿ ಒಂದು ಗುಂಪು ಕಟ್ಟಿ ಅದಕ್ಕೆ ಎಫ್ 64 ಅಂತಲೇ ಹೆಸ್ರಿಟ್ರು. ಮುಂದಿನ ಕಲ್ಲಿಂದ ಹಿಂದಿನ ಬೆಟ್ಟದವರೆಗೆ ಎಲ್ಲಾ ಚೂಪಾಗಿರ್ಬೇಕು ಅನ್ನೋದು ಅವರ ಹಟ. ನಮ್ಮ ಲೆನ್ಸಲ್ಲಿ ಎಫ್ 22 ಆದ್ಮೇಲೆ ರಿಂಗೇ ತಿರುಗಲ್ಲ, ಇವ್ರು ಎಫ್ 64 ಅಂತಾರಲ್ಲ ಅಂತ ನನ್ಗೆ ತುಂಬಾ ದಿನ ಆಶ್ಚರ್ಯ. ಅವ್ರ ಕೈಲಿದ್ದ ದೊಡ್ಡ ಕ್ಯಾಮೆರಾಗಳ ನೆಗೆಟಿವ್ 8 ಇಂಟು 10, ಎಂಎಂ ಅಲ್ಲ ಸಾರ್ ಇಂಚು! ಅಷ್ಟು ದೊಡ್ಡದಕ್ಕೆ ಅಷ್ಟು ಉದ್ದದ ಲೆನ್ಸ್, ಅಷ್ಟು ಉದ್ದದ ಲೆನ್ಸಿಗೆ ಎಫ್ 64 ಹಾಕಿದ್ರೂ ಕಿಂಡಿ ನಮ್ಮ ಫುಲ್ ಫ್ರೇಮಿನ ಎಫ್ 8, 9ರ ಕಿಂಡಿ ಎಷ್ಟಿರತ್ತೋ ಅಷ್ಟೇ ಇರೋದು. ಅಂದ್ರೆ ಆ ಮಹಾನುಭಾವರು ದೊಡ್ಡ ಸೆನ್ಸಾರು, ಅಲ್ಲಲ್ಲ ದೊಡ್ಡ ಫಿಲ್ಮು ಇಟ್ಕೊಂಡು ಬ್ಲರ್ ಓಡ್ಸೋಕೆ ಒದ್ದಾಡ್ತಿದ್ರು, ನಮ್ಮ ಹುಡುಗ್ರು ಬ್ಲರ್ ತರ್ಸೋಕೆ ಸಾಲ ಮಾಡ್ತಿದಾರೆ.

ಕ್ರಾಪಲ್ಲಿ ಬ್ಲರ್ ಬರಲ್ಲ ಅನ್ನೋರಿಗೆ ನಾನು ಕೊಡೋ ಉದಾಹರಣೆ ಸಿನಿಮಾ. ಸಿನಿಮಾದ 35 ಎಂಎಂ ಫಿಲ್ಮ್ ಮೇಲಿಂದ ಕೆಳಗೆ ಓಡತ್ತೆ, ಪಕ್ಕದಲ್ಲಿ ಸೌಂಡಿಗೆ ಜಾಗ ಬಿಟ್ಟು ಚಿತ್ರಕ್ಕೆ ಉಳಿಯೋದು ಸುಮಾರು 22 ಇಂಟು 16 ಎಂಎಂ. ಇದು ಇವತ್ತಿನ ಕ್ರಾಪ್ ಬಾಡಿ ಸೈಜೇ! ಅಣ್ಣಾವ್ರ ಕಾಲದ ಹೆಚ್ಚಿನ ಸಿನಿಮಾ ಎಲ್ಲ ಅಷ್ಟೇ ಜಾಗದಲ್ಲಿ ತೆಗೆದದ್ದು, ಹೀರೋಯಿನ್ ಕ್ಲೋಸಪ್ಪಲ್ಲಿ ಹಿಂದೆ ದೀಪಗಳು ಗುಂಡಗೆ ಕರಗೋದು ನಾವೆಲ್ಲ ಟೆಂಟಲ್ಲಿ ಕೂತು ನೋಡಿಲ್ವಾ. ಮೈಸೂರಿನ ಸಿನಿಮಾ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವರಿಗೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತಲ್ಲ, ಅವರು ಬೆಳಕಲ್ಲಿ ಆಟ ಆಡಿದ್ದೂ ಅದೇ 35 ಎಂಎಂ ಸಿನಿಮಾ ಫಿಲ್ಮಿನ ಮೇಲೆ. ಯಾರೂ ಅವರಿಗೆ ನಿಮ್ಮದು ಕ್ರಾಪು ಅನ್ಲಿಲ್ಲ.

ಇಷ್ಟೆಲ್ಲ ಹೇಳ್ತಿರೋ ನಾನೇ ಒಂದ್ಸಲ ಬಿದ್ದೋನು, ಅದನ್ನ ಮುಚ್ಚಿಟ್ರೆ ತಪ್ಪಾಗತ್ತೆ. ಕೆಲವು ವರ್ಷದ ಹಿಂದೆ ಪಕ್ಕದ ಊರಿನ ಸ್ಟುಡಿಯೋದವ್ರೆಲ್ಲ ಫುಲ್ ಫ್ರೇಮ್ ಅಂತ ಬೋರ್ಡ್ ಹಾಕಿದ್ರು, ನಾನೂ ಕ್ರಾಪ್ ಬಾಡಿ ಕೊಟ್ಟು ಮೇಲೆ ಸಾಲ ಎತ್ತಿ ಒಂದು ಫುಲ್ ಫ್ರೇಮು, ಜೊತೆಗೆ 50 ಎಂಎಂ ಎಫ್ 1.8 ತಂದೆ. ಮೊದಲ್ನೇ ಮದುವೆ. ಹೊಸ ಸಾಮಾನು ತಂದೋನು ಸುಮ್ನಿರ್ತಾನಾ, ಬೆಳಗಿಂದ ಎಲ್ಲಾ 1.8ರಲ್ಲೇ ಹೊಡೀತಾ ಬಂದೆ, ತಿಂಡಿ ತಟ್ಟೆನೂ 1.8. ಧಾರೆ ಮುಗಿದು ಗ್ರೂಪ್ ಫೋಟೋ ಶುರುವಾಯ್ತು, ಹುಡುಗ ಹುಡುಗಿ ಕುರ್ಚೀಲಿ, ಹಿಂದೆ ಒಂದು ಸಾಲು ನಿಂತವ್ರು, ಅದ್ರ ಹಿಂದೆ ಬೆಂಚ್ ಮೇಲೆ ಹತ್ತಿದವ್ರು. ನಾನು ಹದಿನಾರು ಅಡಿ ದೂರ, ಅಂದ್ರೆ 5 ಮೀಟರ್. ಹುಡುಗಿ ಕಣ್ಣಿಗೆ ಫೋಕಸ್ ಹಾಕ್ದೆ, ಒತ್ತಿದೆ, ಹಿಂದಿನ ಸ್ಕ್ರೀನಲ್ಲಿ ನೋಡ್ದೆ, ಎಲ್ಲಾ ಚೆನ್ನಾಗಿದೆ, ನೆಕ್ಸ್ಟ್ ಅಂದೆ. ಹಂಗೇ ಹತ್ತಿಪ್ಪತ್ತು ಗುಂಪು ಆಯ್ತು. ಆಮೇಲೆ ಲೆಕ್ಕ ಹಾಕಿ ನೋಡಿದ್ದು, 50 ಎಂಎಂ ಎಫ್ 1.8 ಫುಲ್ ಫ್ರೇಮಲ್ಲಿ 5 ಮೀಟರ್ ದೂರಕ್ಕೆ ಹುಡುಗಿ ಹಿಂದೆ ಕ್ಲಿಯರ್ ಇರೋದು ಬರೀ 60 ಸೆಂಟಿಮೀಟರ್, ಎರಡಡಿ. ಎರಡನೇ ಸಾಲು ಹೆಂಗೋ ಬಚಾವ್, ಬೆಂಚ್ ಮೇಲಿದ್ದೋರೆಲ್ಲ ಹೋದ್ರು. ಪುಟ್ಟ ಸ್ಕ್ರೀನಲ್ಲಿ ಅದು ಗೊತ್ತಾಗಲ್ಲ, ಯಾಕಂದ್ರೆ ಮಸುಕಿನ ಚುಕ್ಕಿ ಕಾಲು ಮಿಲಿಮೀಟರಿಗಿಂತ ಸಣ್ಣದಿದ್ರೆ ಓದೋ ದೂರದಲ್ಲಿ ನಮ್ಮ ಕಣ್ಣಿಗೆ ಅದು ಚುಕ್ಕಿನೇ. ಕರಿಜ್ಮಾ ಆಲ್ಬಮ್ಮಿನ 12 ಇಂಟು 36 ಇಂಚಿನ ಶೀಟಲ್ಲಿ ಅದೇ ಚುಕ್ಕಿ ಬೆಳ್ದು ಬಿಲ್ಲೆ ಆಯ್ತು. ಹುಡುಗನ ಸೋದರಮಾವನ ಮೀಸೆ ಎಲ್ಲಿ ಮುಗೀತು ಮುಖ ಎಲ್ಲಿ ಶುರುವಾಯ್ತು ಅಂತ ಗೊತ್ತಾಗ್ತಿರ್ಲಿಲ್ಲ. ಆಲ್ಬಮ್ ದುಡ್ಡು ಕೊಡೋರೇ ಅವ್ರು. ಉಳಿದ ಬಾಕಿ ನಾನು ಕೇಳೋಕೂ ಹೋಗ್ಲಿಲ್ಲ.

ಮೊದ್ಲಿದ್ದ ಕ್ರಾಪ್ ಬಾಡಿಲಿ ಇಂಥದ್ದು ಯಾಕೆ ಆಗಿರ್ಲಿಲ್ಲ ಅಂದ್ರೆ ಅದ್ರಲ್ಲಿ ಇದ್ದದ್ದು ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸು. ಅದು 35 ಎಂಎಂ ಹತ್ರ ಎಫ್ 5ರ ಆಸುಪಾಸಿಗಿಂತ ಜಾಸ್ತಿ ತೆರೆಯೋದೇ ಇಲ್ಲ, ನಾನು ದಡ್ಡ ಆದ್ರೂ ಅದು ನನ್ನನ್ನ ಕಾಪಾಡ್ತಿತ್ತು. ಅದೇ 5 ಮೀಟರಿಗೆ ಹಿಂದೆ ಮೂರು ಮೀಟರಿಗೂ ಜಾಸ್ತಿ ಕ್ಲಿಯರ್, ಸೋದರಮಾವ ಅಲ್ಲ ಅವರ ಹಿಂದಿನ ಬಾಳೆಕಂದೂ ಕ್ಲಿಯರ್. ಸರಿ, ಫುಲ್ ಫ್ರೇಮಲ್ಲೂ ಎಫ್ 8 ಇಟ್ಟಿದ್ರೆ ಅಷ್ಟೇ ಬರ್ತಿತ್ತಲ್ಲ ಅಂತೀರಾ? ಬರ್ತಿತ್ತು, ಈಗ ಹಂಗೇ ತೆಗೀತೀನಿ. ಆದ್ರೆ ಅಂಗಡಿಯವ್ರು ಹೇಳ್ದೇ ಇರೋದು ಇಲ್ಲೇ ಇದೆ. ನಮ್ಮ ಕಡೆ ಛತ್ರದ ಲೈಟ್ ನಿಮ್ಗೆ ಗೊತ್ತಲ್ಲ. ಬೆಳಕು ಕಮ್ಮಿ ಇದ್ದಾಗ ಫೋಟೋ ಬೆಳಗಿಸೋಕೆ ಏರಿಸೋ ನಂಬರೇ ಐಎಸ್‌ಓ. ಕ್ರಾಪಲ್ಲಿ ಎಫ್ 5, ಐಎಸ್‌ಓ 1600ರಲ್ಲಿ ಆಗ್ತಿದ್ದ ಫೋಟೋಗೆ ಫುಲ್ ಫ್ರೇಮಲ್ಲಿ ಎಫ್ 8ಕ್ಕೆ ಹೋದ್ರೆ ಐಎಸ್‌ಓ 4000ಕ್ಕೆ ಏರಿಸ್ಬೇಕು, ಶಟರ್ ತೆರೆದಿರೋ ಹೊತ್ತು ಅಷ್ಟೇ ಇರ್ಬೇಕು ಅಂದ್ರೆ. ದೊಡ್ಡ ಸೆನ್ಸಾರಲ್ಲಿ ನಾಯ್ಸ್ (ಫೋಟೋ ಮೇಲೆ ಮರಳು ಚೆಲ್ಲಿದಂಗೆ ಕಾಣೋದು) ಕಮ್ಮಿ ಅಂತ ದುಡ್ಡು ಕೊಟ್ವಲ್ಲ, ಆ ಲಾಭ ಪೂರ್ತಿ ಅಲ್ಲೇ ವಜಾ. ಎರಡು ಫೋಟೋದಲ್ಲೂ ಡೆಪ್ತ್ ಒಂದೇ, ನಾಯ್ಸೂ ಹೆಚ್ಚೂಕಮ್ಮಿ ಒಂದೇ, ಯಾಕಂದ್ರೆ ಅದೇ ಜಾಗ ಅದೇ ಕಿಂಡಿ ಆದ್ಮೇಲೆ ಒಳಗೆ ಬಂದ ಬೆಳಕೂ ಅಷ್ಟೇ. ದೊಡ್ಡ ಸೆನ್ಸಾರಿನ ಲಾಭ ಬೇಕು ಅಂದ್ರೆ ದೊಡ್ಡ ಕಿಂಡಿ ತೆರೀಬೇಕು, ದೊಡ್ಡ ಕಿಂಡಿ ತೆರೆದ್ರೆ ಸೋದರಮಾವ ಹೋಗ್ತಾರೆ. ಎರಡೂ ಒಟ್ಟಿಗೆ ಸಿಗಲ್ಲ. ಫ್ಲಾಶ್ ಇಟ್ಕೊಂಡ್ರೆ ಆಯ್ತು, ಅಪ್ಪ ಅದನ್ನೇ ಮಾಡ್ತಿದ್ರು, ಕಣ್ಣು ಮುಚ್ಕೊಂಡು ಎಫ್ 8 ಮತ್ತೆ ಫ್ಲಾಶ್. ಈಗಿನವ್ರಿಗೆ ಫ್ಲಾಶ್ ಅಂದ್ರೆ ನಾಚ್ಕೆ, ಎಲ್ಲಾ ನ್ಯಾಚುರಲ್ ಲೈಟ್ ಅಂತೆ.

ನಮ್ಮ ಹುಡುಗನಿಗೆ ಬ್ಲರ್ ಬೇಕಲ್ಲ, ಅವನ ಬ್ಯಾಗಲ್ಲೇ ಇದೆ ಅದು, ಅವನಿಗೇ ಗೊತ್ತಿಲ್ಲ. ಕಿಟ್ ಜೊತೆ ಬಂದ 55-250 ಜೂಮ್ ಲೆನ್ಸನ್ನ ಹಕ್ಕಿ ತೆಗೆಯೋಕೆ ಅಂತ ಇಟ್ಟಿದ್ದಾನೆ. 250 ಎಂಎಂಗೆ ಎಳೆದು ಎಫ್ 5.6 ಅಂದ್ರೆ ಕಿಂಡಿ ಎಷ್ಟು ಹೇಳಿ? ಹತ್ತತ್ರ 45 ಎಂಎಂ! ಎಲ್ಲರೂ ಬಾಯಿ ಬಿಡೋ 50 ಎಂಎಂ ಎಫ್ 1.8ರ ಕಿಂಡಿ 28 ಎಂಎಂ ಅಷ್ಟೇ. ಹುಡುಗಿನ ತೋಟದ ಈ ತುದೀಲಿ ನಿಲ್ಸಿ ತಾನು ಆ ಕಡೆ ದೂರ ಹೋಗಿ ಪೂರ್ತಿ ಜೂಮ್ ಮಾಡಿ ತೆಗೆದ್ರೆ ಹಿಂದಿನ ತೆಂಗಿನ ಗರಿ ಎಲ್ಲ ಹಸಿರು ಬಣ್ಣ ಕಲೆಸಿಟ್ಟಂಗೆ ಬರತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ಡೆಪ್ತ್ ಬೇರೆ, ಹಿಂದಿನ ಬ್ಲರ್ ಬೇರೆ, ಜನ ಎರಡನ್ನೂ ಒಂದೇ ಅಂದ್ಕೊಳ್ತಾರೆ. 50 ಎಂಎಂ ಎಫ್ 4ರಲ್ಲಿ 2 ಮೀಟರಿಂದ ತೆಗೆದ್ರೂ 200 ಎಂಎಂ ಎಫ್ 4ರಲ್ಲಿ 8 ಮೀಟರಿಂದ ತೆಗೆದ್ರೂ ಆಳಿನ ಸೈಜ್ ಒಂದೇ, ಕ್ಲಿಯರ್ ಇರೋ ಡೆಪ್ತೂ ಹತ್ತತ್ರ ಒಂದೇ, ಆದ್ರೆ ಹಿಂದೆ ದೂರದಲ್ಲಿರೋದರ ಬ್ಲರ್ ಮಾತ್ರ ನಾಲ್ಕು ಪಟ್ಟು ದೊಡ್ಡದು. ಹಂಗಾಗಿ ಮೂಗಿಂದ ಕಿವಿವರೆಗೂ ಕ್ಲಿಯರ್, ಹಿಂದೆ ಮಾತ್ರ ಬೆಣ್ಣೆ. ಮದುವೆ ಕೆಲ್ಸಕ್ಕೆ ಬೇಕಾಗಿರೋದು ಇದೇ ತಾನೆ. ಮನೆ ಒಳಗೆ ದೂರ ಹೋಗೋಕಾಗಲ್ಲ ಅಂದ್ರೆ ಒಂದು 50 ಎಂಎಂ ಎಫ್ 1.8 ತಗೊಳ್ಳಿ, ಹೆಚ್ಚಿನ ಕಂಪನಿಯೋರ ಕಮ್ಮಿ ರೇಟಿನ ಲೆನ್ಸಲ್ಲಿ ಅದೂ ಒಂದು, ಸೆಕೆಂಡ್ ಹ್ಯಾಂಡಲ್ಲಿ ಇನ್ನೂ ಕಮ್ಮಿಗೆ ಸಿಗತ್ತೆ.

ಸಣ್ಣ ಸೆನ್ಸಾರಿಗೆ ಒಂದು ಒಳ್ಳೇ ಮಾತನ್ನೂ ಯಾರೂ ಆಡಲ್ಲ, ಅದೂ ಬೇಜಾರು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಹುಳ ಜೇಡ ತೆಗೆಯೋ ಹುಡುಗ್ರು ಬರ್ತಾರೆ, ಅವ್ರಿಗೆ ಒಂದೊಂದು ಮಿಲಿಮೀಟರ್ ಡೆಪ್ತೂ ಬಂಗಾರ. ಫುಲ್ ಫ್ರೇಮಲ್ಲಿ ಹುಳನ ಅದ್ರ ನಿಜವಾದ ಸೈಜಿಗೇ ಸೆನ್ಸಾರ್ ಮೇಲೆ ಬೀಳಿಸಿ ಎಫ್ 11 ಇಟ್ರೂ ಕ್ಲಿಯರ್ ಸಿಗೋದು ಒಂದೂಕಾಲು ಮಿಲಿಮೀಟರ್ ಚಿಲ್ಲರೆ, ಕಣ್ಣು ಬಂದ್ರೆ ಕಾಲಿಲ್ಲ. ಮೈಕ್ರೋ ಫೋರ್ ಥರ್ಡ್ಸಲ್ಲಿ ಅಷ್ಟೇ ಫ್ರೇಮ್ ತುಂಬೋಕೆ ಅರ್ಧ ಸೈಜ್ ಸಾಕು, ಅದೇ ಎಫ್ 11ರಲ್ಲಿ ಹತ್ತತ್ರ 2 ಮಿಲಿಮೀಟರ್ ಸಿಗತ್ತೆ. ಇನ್ನೊಂದು ದಿನಾ ನೋಡೋದು. ಜನ ಪಹಣಿ, ಆಧಾರ್ ಎಲ್ಲ ಮೊಬೈಲಲ್ಲಿ ಫೋಟೋ ಹೊಡ್ದು ಪ್ರಿಂಟ್ ಹಾಕ್ಕೊಡಿ ಅಂತ ನಮ್ಮಲ್ಲಿಗೆ ಬರ್ತಾರೆ. ಹಳೇ ಸಣ್ಣ ಮೊಬೈಲಲ್ಲಿ ತೆಗ್ದದ್ದು ಮೂಲೆಯಿಂದ ಮೂಲೆಗೆ ಓದೋಕಾಗತ್ತೆ, ದುಬಾರಿ ಹೊಸ ಮೊಬೈಲಲ್ಲಿ ಹತ್ರದಿಂದ ತೆಗ್ದದ್ದು ಮಧ್ಯದಲ್ಲಿ ಚೆನ್ನಾಗಿದ್ದು ಅಂಚಲ್ಲಿ ಸರ್ವೆ ನಂಬರ್ ಕರಗಿ ಹೋಗಿರತ್ತೆ, ಪೇಪರ್ ಸ್ವಲ್ಪ ಮಡ್ಚಿಕೊಂಡಿದ್ರಂತೂ ಕೇಳ್ಲೇಬೇಡಿ. ಅವುಗಳ ಸೆನ್ಸಾರು ಲೆನ್ಸು ಎರಡೂ ದೊಡ್ಡದಾಗಿದೆ, ಕಿಂಡಿನೂ ದೊಡ್ಡದಾಯ್ತು, ಅಷ್ಟೇ. ಒಂದು ಮೊಳ ದೂರ ಹಿಡಿದು ಜೂಮ್ ಮಾಡಿ ತೆಗೀರಿ ಅಂತ ಹೇಳಿ ಕಳಿಸ್ತೀನಿ.

ಫುಲ್ ಫ್ರೇಮ್ ದಂಡ ಅಂತ ನಾನು ಹೇಳ್ತಿಲ್ಲ, ನನ್ನತ್ರನೂ ಇದೆ, ಮಾರಲ್ಲ. 85 ಎಂಎಂ ಎಫ್ 1.4 ಹಾಕಿ ಆ ಕಿಂಡಿ ಪೂರ್ತಿ ತೆರೆದ್ರೆ ಬರೋದನ್ನ ಮೈಕ್ರೋ ಫೋರ್ ಥರ್ಡ್ಸಲ್ಲಿ ತರ್ಬೇಕು ಅಂದ್ರೆ 42 ಎಂಎಂ ಎಫ್ 0.7 ಲೆನ್ಸ್ ಬೇಕಾಗತ್ತೆ, ಅಂಥದ್ದು ಅಂಗಡೀಲಿ ಸಿಗಲ್ಲ. ದೀಪದ ಬೆಳಕಲ್ಲಿ ಒಬ್ಬರನ್ನೇ ತೆಗೆಯೋದಿದ್ರೆ ಅದ್ರ ಮುಂದೆ ಇನ್ನೊಂದಿಲ್ಲ. ಆದ್ರೆ ಆ ಬೆಲೆ ಲೆನ್ಸಿಗೆ ಕೊಟ್ಟಿದ್ದು, ಬಾಡಿ ಜೊತೆ ಎಫ್ 4ರ ಜೂಮ್ ಒಂದನ್ನೇ ತಗೊಂಡು ಬಂದ್ರೆ ನಮ್ಮ ಹುಡುಗನ ಕೈಲಿ ಈಗಿರೋ ಕ್ರಾಪ್ ಬಾಡಿಗೆ ಎಫ್ 2.8 ಲೆನ್ಸ್ ಹಾಕಿದ್ರೆ ಎಷ್ಟು ಬ್ಲರ್ ಬರತ್ತೋ ಅಷ್ಟೇ ಬರೋದು, ಅವ್ನು ತಗೊಳೋಕೆ ಹೊರಟಿರೋದೂ ಆ ಎಫ್ 4ರ ಜೂಮನ್ನೇ.

ಅದಕ್ಕೆ ನಿಮ್ಮಲ್ಲಿ ಕೇಳ್ಕೊಳೋದು ಇಷ್ಟು. ಆ ಹಳದಿ ಬಾಕ್ಸ್ ಹಾಕಿದ ಜಾಗದಲ್ಲೇ ಎರಡು ಸಾಲು ತಿದ್ದುಪಡಿ ಹಾಕಿ, ಅಷ್ಟೇ ದಪ್ಪ ಅಕ್ಷರ ಇರ್ಲಿ. ಮುಂದೆ ಕ್ಯಾಮೆರಾ ಬಗ್ಗೆ ಬರೆಯುವಾಗ ಫೋಟೋ ಕೆಳಗೆ ಲೆನ್ಸ್ ಎಷ್ಟು ಎಂಎಂ, ಎಫ್ ಎಷ್ಟು, ಆಳು ಎಷ್ಟು ದೂರ ಅಂತ ಮೂರು ನಂಬರ್ ಹಾಕಿದ್ರೆ ಓದೋರು ತಾವೇ ಲೆಕ್ಕ ಹಾಕ್ಕೊಳ್ತಾರೆ. ಮತ್ತೆ ಸಾರ್, ಸಾಧ್ಯ ಆದ್ರೆ ಗುರುವಾರದ ಒಳಗೆ ಹಾಕಿ. ಶುಕ್ರವಾರ ಬೆಳಿಗ್ಗೆ ರೈಲಿಗೆ ನಮ್ಮ ಹುಡುಗ ಅಡ್ವಾನ್ಸ್ ಕೊಡೋಕೆ ಬೆಂಗಳೂರಿಗೆ ಹೋಗ್ತಾನಂತೆ, ನಾನು ಹೇಳಿದ್ರೆ ಕೇಳಲ್ಲ, ಪೇಪರಲ್ಲಿ ಬಂದ್ರೆ ಕೇಳ್ತಾನೆ.

ಇಂತಿ,
ತಿಪಟೂರಿನ ಒಬ್ಬ ಸ್ಟುಡಿಯೋದವನು